ಉಸ್ತಾದರ ಎಂಜಿನ್ನೂ ನನ್ನ ಜೋಪಾನವೂ

ಹೋದ ತಿಂಗಳು ನಾನೊಂದು ಎಂಜಿನ್ ಕೊಲ್ಲಲು ಹೊರಟಿದ್ದೆ. ಅದೂ ಪ್ರೀತಿಯಿಂದ!

ಸವಣೂರಿನ ಮೌಲಾಲಿ ಉಸ್ತಾದರು ನನ್ನ ಸ್ಕೂಟರಿಗೆ ಮೂವತ್ತು ವರ್ಷದಿಂದ ಮೆಕ್ಯಾನಿಕ್. ಅವರಿಗೊಂದು ಹುಚ್ಚು. ಮುಂಬೈ ಗುಜರಿಯಲ್ಲಿ ಸಿಕ್ಕ ಜಪಾನ್ ಕಾರಿನ ರೋಟರಿ ಎಂಜಿನ್ನನ್ನು ತಮ್ಮ ಹಳೇ ಜೀಪಿಗೆ ಕೂರಿಸಿದ್ದಾರೆ. (ಆರ್‌ಟಿಓದವರು ಈ ಪ್ಯಾರಾ ಬಿಟ್ಟು ಮುಂದೆ ಓದಬೇಕಾಗಿ ವಿನಂತಿ.) ಇದರಲ್ಲಿ ಮೇಲೆ ಕೆಳಗೆ ಕುಣಿಯುವ ಪಿಸ್ಟನ್ ಇಲ್ಲ. ಮೂರು ಮೂಲೆಯ ರೋಟರ್ ಗರಗರ ತಿರುಗುತ್ತದೆ, ಅಷ್ಟೇ. ಶಕ್ತಿ ಭರ್ಜರಿ, ಆಯುಷ್ಯ ಕಮ್ಮಿ. ಮೂಲೆಗಳಲ್ಲಿ ಒತ್ತಡ ಸೋರದಂತೆ ತಡೆಯುವ ತೆಳ್ಳನೆಯ ಸೀಲುಗಳು ಹೋದರೆ ಕತೆ ಮುಗಿಯಿತು. ಆಗಲೇ ಎರಡು ಸಲ ಮುಗಿದಿತ್ತು.

ಮೂರನೇ ಸಲ ಉಸ್ತಾದರು ದೊಡ್ಡ ರೇಡಿಯೇಟರ್ ಹಾಕಿದರು. ಹಳೇ ಟೂ-ಸ್ಟ್ರೋಕ್ ಬೈಕಿಗೆ ಬೆರೆಸಿದಂತೆ ಪೆಟ್ರೋಲಿಗೆ ಚೂರು ಆಯಿಲ್ ಬೆರೆಸಿದರು. ಕೊನೆಯ ಸೀಲ್ ಸೆಟ್ ಕೂರಿಸಿ, ಕೀಲಿ ನನ್ನ ಕೈಗಿಟ್ಟರು.

“ನನ್ನ ಕೈಯಾಗ ಓಡಿದ್ರ ಏನ್ ದೊಡ್ಡದ್ರಿ ಸರ? ನಿಮ್ಮಂಥವರ ಕೈಯಾಗ ಒಂದ್ ತಿಂಗಳ ಬಾಳಬೇಕು. ಈ ಸಲಾನೂ ಕೈ ಕೊಟ್ರ ಗುಜರಿಗೆ ಹಾಕ್ತೇನಿ. ಮತ್ತ ಸೀಲ್ ಸಿಗೂದಿಲ್ಲ.”

‘ನಿಮ್ಮಂಥವರ’ ಅಂದರೆ ಏನರ್ಥ? ಕೇಳಲು ಧೈರ್ಯವಾಗಲಿಲ್ಲ.

ಹಾನಗಲ್ಲಿಗೆ ತಂದು ಕೂಸಿನಂತೆ ನೋಡಿಕೊಂಡೆ. ರಸ್ತೆಗಿಳಿದ ಕೂಡಲೇ ಟಾಪ್ ಗೇರ್, ಇಪ್ಪತ್ತೈದರ ಸ್ಪೀಡು. ಸೈಕಲ್ಲಿನವರೂ ನನ್ನನ್ನು ಹಿಂದೆ ಹಾಕಿದರು. ಇಳಿಜಾರು ಬಂತೋ, ಎಂಜಿನ್ನೇ ಬಂದ್. (ಪೆಟ್ರೋಲ್ ಉಳಿಸುವುದು ನಮ್ಮ ರಕ್ತದಲ್ಲೇ ಇದೆ.) ಆಯಿಲ್ಲನ್ನಂತೂ ಉಸ್ತಾದರು ಹೇಳಿದ್ದಕ್ಕಿಂತ ಎರಡು ಮುಚ್ಚಳ ಜಾಸ್ತಿಯೇ ಹಾಕಿದೆ. ಜೋಪಾನದಲ್ಲಿ ನಾನು ಎತ್ತಿದ ಕೈ. ಎರಡು ವರ್ಷದ ಹಿಂದೆ ಅವ್ವನಿಗೆ ಎಪ್ಪತ್ತು ತುಂಬಿದ ದಿನವೇ ಆಕೆ ರೊಟ್ಟಿ ಬಡಿಯುವುದನ್ನು ಬಿಡಿಸಿದವನು!

ಇಪ್ಪತ್ತನೇ ದಿನ. ಹಿರೇಕೆರೂರು ಸಂತೆಗೆ ಹೊರಟಿದ್ದೆ. ಜೀಪು ಕೆಮ್ಮಿತು, ಕರಿ ಹೊಗೆ ಉಗುಳಿತು, ನಿಂತಿತು. ಅಯ್ಯೋ, ಉಸ್ತಾದರ ಕೊನೆಯ ಸೀಲು!

ಫೋನ್ ಮಾಡಿದೆ, ಓಡಿ ಬಂದರು. ಪ್ಲಗ್ ಬಿಚ್ಚಿದರೆ ಬರೀ ಮಸಿ.

“ಹೆಂಗ್ ಓಡಿಸಿದ್ರಿ?”

ಹೆಮ್ಮೆಯಿಂದಲೇ ವರದಿ ಒಪ್ಪಿಸಿದೆ. ಉಸ್ತಾದರು ಹಣೆ ಹಣೆ ಬಡಿದುಕೊಂಡರು.

“ಸರ, ಇದು ದುಡಿದ್ರ ಬಾಳತೈತಿ. ನೀವು ತೂಗಿ ಮಲಗಿಸೀರಿ, ಒಳಗೆಲ್ಲ ಮಸಿ ಕಟ್ಟೇತಿ. ಸೀಲ್ ಸವದಿಲ್ಲ, ಸಿಕ್ಕೊಂಡಾವ. ಹತ್ರಿ, ಗಟ್ಟಿ ಹಿಡ್ಕೊಂಡ್ ಕುಂದರ್ರಿ.”

ಪ್ಲಗ್ ಒರೆಸಿ ಹಾಕಿ, ಹೇಗೋ ಸ್ಟಾರ್ಟ್ ಮಾಡಿ, ಎರಡನೇ ಗೇರಿನಲ್ಲಿ ಎಂಜಿನ್ ಕಿರುಚುವ ಹಾಗೆ ಓಡಿಸಿದರು. ಹೊಗೆ ಕಂಡು ಸೊಳ್ಳೆ ಓಡಿಸುವ ಗಾಡಿ ಬಂತೆಂದು ರಸ್ತೆ ಬದಿಯವರು ಕಿಟಕಿ ಹಾಕಿಕೊಂಡರು. ನಾನು ನನ್ನ ದೇವರನ್ನೂ ಅವರ ದೇವರನ್ನೂ ನೆನೆದೆ. ಮೂರು ಮೈಲಿ ದಾಟುವಷ್ಟರಲ್ಲಿ ಹೊಗೆ ತೆಳುವಾಯಿತು, ಸದ್ದು ಸಾಫಾಯಿತು. ಉಸ್ತಾದರ ಕಣ್ಣಲ್ಲಿ ನೀರು. (ಹೊಗೆಗೆ ಅಂದರು.)

ಮನೆಗೆ ಬಂದರೆ ಅವ್ವ ಟಿವಿ ಮುಂದೆ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದಳು. ಹಿಡಿದುಕೊಂಡಿವೆಯಂತೆ. ದಿನಾ ಹೇಳುತ್ತಿದ್ದಳು, ದಿನಾ ನಾನು “ಕುಂದ್ರವ್ವ” ಅನ್ನುತ್ತಿದ್ದೆ.

“ಅವ್ವಾ, ಇವತ್ತ ರೊಟ್ಟಿ ನೀನ ಬಡೀತಿಯೇನು?”

“ಎರಡ್ ವರ್ಷ ಬೇಕಾತಲ್ಲೋ ನಿನಗ, ಇದನ್ನ ಕೇಳಾಕ!” ಎನ್ನುತ್ತ ಎದ್ದ ರಭಸಕ್ಕೆ ರಿಮೋಟು ಕೆಳಗೆ ಬಿತ್ತು.

ನಿಮ್ಮ ಮನೆಯಲ್ಲಿ ಯಾರನ್ನು ಟಾಪ್ ಗೇರಿನಲ್ಲಿ ಇಪ್ಪತ್ತೈದಕ್ಕೆ ಓಡಿಸುತ್ತಿದ್ದೀರಿ?