ಮಂದ್ರ ಸ್ವರಕ್ಕೆ ಮೂರು ಸಾವಿರ ಸುತ್ತು

ಬೆಳಗಿನ ಐದು ಗಂಟೆ. ಅಲೆಕ್ಸಾಂಡ್ರಿಯಾದ ಅತ್ತಾರೀನ್ ಬೀದಿಯಲ್ಲಿ ಬೇಯಿಸಿದ ಫೂಲ್ ಕಾಳಿನ ಗಾಡಿ ಇನ್ನೂ ಬಂದಿಲ್ಲ. ಇನ್ಸಾಫ್ ಲಬೀಬ್ ಅಂಗಡಿಯ ಷಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗಿ, ಮತ್ತೆ ಇಳಿಸಿಕೊಳ್ಳುತ್ತಾರೆ. ಮೇಜಿನ ಮೇಲೆ ಗಾಜಿನ ವಾಲ್ವ್‌ಗಳಿರುವ ಹಳೇ ಆಂಪ್ಲಿಫೈಯರ್ ಒಂದು ಪಕ್ಕಕ್ಕೆ ಮಲಗಿದೆ. ವಾಲ್ವ್‌ಗಳು ಕೆಂಪಗೆ ಕಾದ ಮೇಲೆ ಅವರು ಎಡಗೈಯನ್ನು ನಿಲುವಂಗಿಯ ಜೇಬಿಗೆ ಇಳಿಸಿ, ಬಲಗೈಯಿಂದ ಮಾತ್ರ ಕೆಲಸ ಶುರು ಮಾಡುತ್ತಾರೆ.

"ಒಳಗೆ ಮುನ್ನೂರೈವತ್ತು ವೋಲ್ಟ್ ಇದೆ. ಎರಡೂ ಕೈ ಹಾಕಿದ್ರೆ ಕರೆಂಟು ಎದೆ ದಾಟಿ ಹೋಗತ್ತೆ. ಒಂದೇ ಕೈಯಾದ್ರೆ ಬಾಯಲ್ಲಿ ಬೈಗುಳ ಬರತ್ತೆ, ಅಷ್ಟೆ," ಎನ್ನುತ್ತಾರೆ.

ಇಷ್ಟು ಬೇಗ ಯಾಕೆ ಎಂದು ನಾನು ಕೇಳಿದರೆ ಷಟರಿನಾಚೆಯ ಟ್ರಾಮ್ ಹಳಿಯ ಕಡೆ ಬೆರಳು ತೋರಿಸುತ್ತಾರೆ. "ಟ್ರಾಮು ಹೊರಟ ಮೇಲೆ ನೆಲವೇ ಗುಡುಗುಡು ಅನ್ನತ್ತೆ. ಯಾವುದು ಟ್ರಾಮು, ಯಾವುದು ಮಂದ್ರ ಅಂತ ಆಮೇಲೆ ಯಾರಿಗೆ ಗೊತ್ತಾಗತ್ತೆ?"

ಇನ್ಸಾಫ್‌ಗೆ ಅರವತ್ತಮೂರು. ತಂದೆ ಇದೇ ಮೇಜಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರು ತೀರಿಕೊಂಡ ವಾರವೇ ಮಗಳು ಷಟರ್ ತೆಗೆದರು. ಬಂದವರೆಲ್ಲ ಒಳಗೆ ಇಣುಕಿ, "ಉಸ್ತಾ ಎಲ್ಲಿದಾರಮ್ಮ?" ಎಂದು ಮೇಸ್ತ್ರಿಯನ್ನು ಹುಡುಕುತ್ತಿದ್ದರು. "ನಾನೇ" ಎಂದರೆ ಕೆಲವರು ರೇಡಿಯೋ ಎತ್ತಿಕೊಂಡು ಹೋದದ್ದೂ ಉಂಟು. ಮೊದಲ ವರ್ಷ ಇಡೀ ಬೀದಿಯ ಇಸ್ತ್ರಿಪೆಟ್ಟಿಗೆಗಳನ್ನು ಸರಿಮಾಡಿ ದಿನ ದೂಡಿದರು. ಈಗ ಜನ ತಾವೇ ಮನೆಯಲ್ಲಿ ಜೋಡಿಸಿಕೊಂಡ ಆಂಪ್ಲಿಫೈಯರ್‌ಗಳನ್ನು ತರುತ್ತಾರೆ. ಬಹುತೇಕ ಎಲ್ಲರದ್ದೂ ಒಂದೇ ದೂರು: ಕೆಳಸ್ವರ ಕೇಳಿಸುವುದಿಲ್ಲ, ಇಲ್ಲವೇ ಅದೊಂದೇ ಕೇಳಿಸುತ್ತದೆ.

ಕಳೆದ ಚಳಿಗಾಲದಲ್ಲಿ ಸುಬ್ಹಿ ಎಂಬ ಎಂಬತ್ತೊಂದು ವರ್ಷದ ಹಿರಿಯರು, ತೀರಿಹೋದ ತಮ್ಮನೊಬ್ಬ ಕಟ್ಟಿಕೊಟ್ಟಿದ್ದ ಆಂಪ್ಲಿಫೈಯರನ್ನು ಕಂಬಳಿಯಲ್ಲಿ ಸುತ್ತಿ ತಂದರು. ಜೊತೆಗೊಂದು ರೆಕಾರ್ಡು. ಅದರ ವಾದ್ಯಮೇಳದಲ್ಲಿ ಸುಬ್ಹಿ ಕಾಂಟ್ರಾಬಾಸ್, ಅಂದರೆ ನಿಂತು ನುಡಿಸುವ ಮಂದ್ರದ ದೊಡ್ಡ ಪಿಟೀಲು, ನುಡಿಸಿದ್ದರು. ಸಂಧಿವಾತದಿಂದ ಬೆರಳು ಮಡಚಿಕೊಂಡು ಹದಿನೈದು ವರ್ಷವಾಗಿದೆ. ಅವರ ಪತ್ನಿ ಫಿಕ್ರಿಯಾ ಬಾಗಿಲಲ್ಲೇ ನಿಂತು, ಗೌರವಕ್ಕೆ ಅಕ್ಕ ಎಂದು ಕರೆದು, ಹೇಳಿದರು: "ಅಬ್ಲಾ, ನಲವತ್ತು ವರ್ಷದಿಂದ ಈ ರೆಕಾರ್ಡು ಕೇಳ್ತಿದೀನಿ. ಇವ್ರು ಎಲ್ಲೂ ಇಲ್ಲ. ವಾದ್ಯ ಹಿಡ್ಕೊಂಡು ಸುಮ್ನೆ ನಿಂತಿದ್ರು ಅಂತ ಕಾಣತ್ತೆ."

"ನೀನು ಬಾಯಿ ಮುಚ್ಚಿದ್ರೆ ತಾನೆ ಕೇಳೋದು," ಎಂದರು ಸುಬ್ಹಿ. ಆದರೆ ಅವರ ಮುಖದಲ್ಲಿ ನಗುವಿರಲಿಲ್ಲ.

ಇನ್ಸಾಫ್ ಮೊದಲು, ಕೆಳಸ್ವರಕ್ಕೆ ದಾರಿಯಾಗಲೆಂದು, ಎರಡು ವಾಲ್ವ್‌ಗಳ ನಡುವಿನ ಕಂಡೆನ್ಸರ್ ತೆಗೆದು ಹತ್ತು ಪಟ್ಟು ದೊಡ್ಡದನ್ನು ಹಾಕಿದರು. ಸ್ಪೀಕರು ಮೀನುಗಾರರ ದೋಣಿಯ ಮೋಟಾರಿನಂತೆ ಡಬ್ ಡಬ್ ಎನ್ನತೊಡಗಿತು. ಸ್ವಲ್ಪ ಚಿಕ್ಕದು ಹಾಕಿದರೆ ಆ ಸದ್ದು ನಿಂತಿತು, ಮಂದ್ರ ಬಂತು. ಆದರೆ ಖಾಲಿ ಪೀಪಾಯಿಯೊಳಗಿಂದ ಬಂದಂತೆ ಎಲ್ಲ ಸ್ವರವೂ ಒಂದೇ ಥರ. "ಸದ್ದು ಬಂತು, ಸ್ವರ ಬರ್ಲಿಲ್ಲ. ಅದನ್ನೇ ಕೊಟ್ಟು ಕಳಿಸಿದ್ರೆ ಅವ್ರು ಒಪ್ಕೋತಿದ್ರು. ನಂಗೆ ನಾಚ್ಕೆ ಆಗ್ತಿತ್ತು."

ದೋಷ ಕೊನೆಗೆ ಸಿಕ್ಕಿದ್ದು ಸ್ಪೀಕರಿಗೆ ಸ್ವರ ದಾಟಿಸುವ ಟ್ರಾನ್ಸ್‌ಫಾರ್ಮರಿನಲ್ಲಿ. ಸುಬ್ಹಿಯ ತಮ್ಮ ಅದನ್ನು ಯಾವುದೋ ಪುಟ್ಟ ರೇಡಿಯೋದಿಂದ ಕಿತ್ತು ಹಾಕಿದ್ದ. ಅದರೊಳಗಿನ ಅಷ್ಟು ಸಣ್ಣ ಕಬ್ಬಿಣ ಕಾಂಟ್ರಾಬಾಸಿನ ಭಾರ ಹೊರುವುದಿಲ್ಲ. ಇನ್ಸಾಫ್ ದೊಡ್ಡ ಕಬ್ಬಿಣದ ಪಟ್ಟಿಗಳನ್ನು ಹುಡುಕಿ ತಂದು, ಕೂದಲೆಳೆಯಂಥ ತಾಮ್ರದ ತಂತಿಯನ್ನು ಕೈಯಲ್ಲೇ ಸುತ್ತಿದರು. ಪದರಕ್ಕೊಂದು ಕಾಗದ. ಒಟ್ಟು ಮೂರು ಸಾವಿರ ಸುತ್ತು, ಹನ್ನೊಂದು ಬೆಳಗಿನ ಕೆಲಸ. ಎಂಟನೆಯ ಬೆಳಗು ತಂತಿ ತುಂಡಾಯಿತು. ಬೆಸುಗೆ ಹಾಕದೆ, ಎಲ್ಲ ಬಿಚ್ಚಿ, ಮತ್ತೆ ಹನ್ನೊಂದು ಬೆಳಗು ಕೂತು ಮೊದಲಿನಿಂದ ಸುತ್ತಿದರು.

ಒಂದು ಶುಕ್ರವಾರ ಮುಂಜಾನೆ ದಂಪತಿಗಳನ್ನು ಕರೆಸಿದರು. ನಾನೂ ಇದ್ದೆ. ಸೂಜಿ ಇಳಿಯಿತು. ಪಿಟೀಲುಗಳ ಅಡಿಯಲ್ಲಿ, ಯಾರೋ ಬರಿಗಾಲಲ್ಲಿ ಮರದ ಮೆಟ್ಟಿಲು ಇಳಿದಂತೆ, ಒಂದೊಂದೇ ಸ್ವರ ಬಿಡಿಬಿಡಿಯಾಗಿ ಕೇಳಿಸಿತು. ಫಿಕ್ರಿಯಾ ಚಹದ ಗ್ಲಾಸು ಕೆಳಗಿಟ್ಟರು. ಸುಬ್ಹಿಯ ಮಡಚಿದ ಬೆರಳುಗಳು ತೊಡೆಯ ಮೇಲೆ ಅಲುಗಾಡುತ್ತಿದ್ದವು. ಮೂರನೆಯ ಚರಣದಲ್ಲಿ ಅವರು ಸರಕ್ಕನೆ ಕೈ ಎತ್ತಿದರು.

"ಇಲ್ಲಿ. ಇಲ್ಲಿ ತಪ್ಪು ನುಡಿಸಿದೀನಿ. ಮೇಳದ ಯಜಮಾನರಿಗೂ ಗೊತ್ತಾಗಿರ್ಲಿಲ್ಲ."

ಇನ್ಸಾಫ್ ಕೇಳಿದರು: "ಸುಬ್ಹಿ ಚಿಕ್ಕಪ್ಪ, ಮಂದ್ರ ಒಂಚೂರು ತಗ್ಗಿಸ್ಲಾ? ಯಾರಿಗೂ ಗೊತ್ತಾಗಲ್ಲ."

ಸುಬ್ಹಿ ಹೆಂಡತಿಯ ಮುಖ ನೋಡಿದರು. ಆಕೆ ಕಣ್ಣೊರೆಸಿಕೊಳ್ಳುತ್ತಿದ್ದರು. "ಬೇಡ ಬಿಡಮ್ಮ," ಎಂದರು ಆಕೆ. "ತಪ್ಪೋ ಒಪ್ಪೋ, ಮನುಷ್ಯ ಅಲ್ಲಿದ್ರಲ್ಲ. ಇನ್ನೊಂದ್ಸಲ ಹಾಕು."

ಇನ್ಸಾಫ್ ಮತ್ತೆ ಸೂಜಿ ಇಟ್ಟರು. ಅಂದು ಆ ಹಾಡನ್ನು ನಾಲ್ಕು ಸಲ ಕೇಳಿದೆವು.

ಈಗ ಇನ್ಸಾಫ್ ಅಂಗಡಿಯ ಕಿಟಕಿಯಲ್ಲಿ ಇನ್ನೊಬ್ಬರ ಟ್ರಾನ್ಸ್‌ಫಾರ್ಮರ್ ವಾರ್ನಿಶ್ ಬಳಿಸಿಕೊಂಡು ನೇತಾಡುತ್ತಿದೆ. ಸಮುದ್ರದ ತೇವಕ್ಕೆ ಮೂರು ದಿನವಾದರೂ ಒಣಗಿಲ್ಲ. ಇನ್ನೇನು ಆಸೆ ಇದೆ ಎಂದು ಕೇಳಿದೆ. ಆ ವಾರ್ನಿಶನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ, ಅಂಟಿದ ಬೆರಳನ್ನು ನಿಲುವಂಗಿಗೆ ಒರೆಸಿಕೊಂಡು ಹೇಳಿದರು:

"ಎರಡು ದಿನ ಒಳ್ಳೆ ಬಿಸಿಲು ಬಂದ್ರೆ ಸಾಕು."