ತಾಯಿಯನ್ನು ಹಂತಕಿ ಮಾಡಿದ ಸೀಸನ್

ಧಾರಾವಾಹಿಯೊಂದು ಹಳಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅನ್ನ ಹಳಸಿದರೆ ವಾಸನೆ ಬರುತ್ತದೆ, ಯಾರೂ ಬಾಯಿಗಿಡುವುದಿಲ್ಲ. ಧಾರಾವಾಹಿ ಹಳಸಿದರೆ ಅದಕ್ಕೊಂದು ಹೊಸ ಸಂಗೀತ ಹಾಕಿ, ಇನ್‌ಸ್ಪೆಕ್ಟರನ ಮೂಗಿನ ಮೇಲೆ ಕಪ್ಪು ಕನ್ನಡಕ ಏರಿಸಿ, ಮುಂದಿನ ಸೀಸನ್ ಅಂತ ಬಡಿಸುತ್ತಾರೆ. ನನ್ನ ಗಂಡನಂಥವರು ಎರಡನೇ ಸಲವೂ ಹಾಕಿಸಿಕೊಳ್ಳುತ್ತಾರೆ.

ನಾನು ಇಂಡಿ ಊರಿನ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಹೇಳುತ್ತೇನೆ. ಗಂಡನದು ಲಿಂಬೆ ವ್ಯಾಪಾರ. ಮನೆಯಲ್ಲಿ ನಮ್ಮ ಜೊತೆ ನನ್ನ ದೊಡ್ಡವ್ವ ಇದ್ದಾಳೆ, ಅಂದರೆ ನಮ್ಮವ್ವನ ಅಕ್ಕ. ಮೊದಲು ಮನಗೂಳಿಯಲ್ಲಿದ್ದಳು. ದೊಡ್ಡಪ್ಪ ತೀರಿಕೊಂಡ ಮೇಲೆ ನಾನೇ ಹೋಗಿ ಕರೆದುಕೊಂಡು ಬಂದೆ.

ದೊಡ್ಡವ್ವನಿಗೆ ಇದ್ದವಳು ಒಬ್ಬಳೇ ಮಗಳು. ನನಗಿಂತ ಸ್ವಲ್ಪ ದೊಡ್ಡವಳು. ಮುದ್ದೇಬಿಹಾಳದ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯ ಹೊಸತು ಇನ್ನೂ ಮಾಸಿರಲಿಲ್ಲ, ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ನೀರು ಸೇದುವಾಗ ಕಾಲು ಜಾರಿತು ಅಂದರು ಗಂಡನ ಮನೆಯವರು. ಕೇಸು ನಡೆಯಿತು. ಕಂಡದ್ದನ್ನು ಹೇಳುತ್ತೇವೆ ಅಂದಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಅಲ್ಲಿಗೆ ಮುಗಿಯಿತು. ಆಮೇಲೆ ನಮ್ಮ ಬಳಗದಲ್ಲಿ ಆಕೆಯ ಹೆಸರನ್ನು ಯಾರೂ ಎತ್ತಲಿಲ್ಲ. ದೊಡ್ಡವ್ವನೂ ಎತ್ತಲಿಲ್ಲ. ಅದನ್ನು ನಾವೆಲ್ಲ ಸಮಾಧಾನ ಅಂದುಕೊಂಡಿದ್ದೆವು.

ಧಾರಾವಾಹಿ ಶುರುವಾದಾಗ ದೊಡ್ಡವ್ವ ನಮ್ಮ ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ವಾರಕ್ಕೊಂದು ಸಂಜೆ ಬರುತ್ತಿದ್ದ ಪೊಲೀಸ್ ಕಥೆ. ಅದರ ಇನ್‌ಸ್ಪೆಕ್ಟರ್ ಹೊಟ್ಟೆ ಬಿಟ್ಟ ಮನುಷ್ಯ. ಜೀಪಿನಲ್ಲಿ ಕೂತು ಕಾಗದದ ಪೊಟ್ಟಣದಿಂದ ಚುರಮುರಿ ತಿನ್ನುತ್ತಿದ್ದ. ಯಾರನ್ನಾದರೂ ವಿಚಾರಿಸಬೇಕಾದರೆ ಎದುರಿಗೆ ಕೂತು ಸುಮ್ಮನಿರುತ್ತಿದ್ದ. ಎದುರಿನವನಿಗೇ ತಡೆಯಲಾಗದೆ ಮಾತು ಹೊರಬೀಳುತ್ತಿತ್ತು. ಕೊಲೆಗಳೂ ನಮ್ಮ ಕಡೆಯ ಕೊಲೆಗಳಂತೆಯೇ ಇದ್ದವು. ಬದುವಿನ ಜಗಳ, ಕುಡಿದ ಅಣ್ಣ, ಪಾಲು ಕೇಳಿದ ತಂಗಿ. ಕೆಲವು ಕೇಸು ಬಗೆಹರಿಯುತ್ತಲೇ ಇರಲಿಲ್ಲ. ಹಾಗೇ ಬಿಟ್ಟುಬಿಡುತ್ತಿದ್ದರು. ನನ್ನ ಗಂಡ ಆಗ ಆಕಳಿಸುತ್ತಿದ್ದ. "ಇದೇನು ಕಥಿ, ಅರ್ಧಕ್ಕ ನಿಲ್ಲಸ್ತಾರ" ಅನ್ನುತ್ತಿದ್ದ. ಅವನು ಆಕಳಿಸಿದ್ದಕ್ಕೇ ಅದು ಒಳ್ಳೆಯದು ಅಂತ ನನಗೆ ಖಾತ್ರಿಯಾಯಿತು.

ಎರಡನೇ ಸೀಸನ್ನಿನಲ್ಲಿ ಒಂದು ಕಂತು ಬಂತು. ಹಳ್ಳಿಯ ತಾಯಿಯೊಬ್ಬಳು ದಿನಾ ಠಾಣೆಗೆ ಬಂದು ಬೇವಿನ ಗಿಡದ ಕೆಳಗೆ ಕೂಡುತ್ತಾಳೆ. ಅವಳ ಮಗಳು ಗಂಡನ ಮನೆಯಲ್ಲಿ ಸುಟ್ಟುಕೊಂಡು ಸತ್ತಿದ್ದಾಳೆ. ಸ್ಟೋವ್ ಸಿಡಿಯಿತು ಅಂತ ಅವರ ಹೇಳಿಕೆ. ಇನ್‌ಸ್ಪೆಕ್ಟರ್ ಎಲ್ಲ ಕಡೆ ಅಲೆಯುತ್ತಾನೆ, ಏನೂ ಸಿಗುವುದಿಲ್ಲ. ಕೊನೆಗೆ ಆ ತಾಯಿಯ ಮನೆಗೆ ಹೋಗಿ ಹೊಸ್ತಿಲಲ್ಲಿ ಕೂತು, "ಅವ್ವಾ, ಅವರ ಕಡಿಂದನ ತಪ್ಪಾಗೇತಿ ಅಂತ ನನಗ ಗೊತ್ತೈತಿ. ಸಾಬೀತು ಮಾಡಾಕ ನನ್ನ ಕೈಲಿ ಆಗಲಿಲ್ಲ" ಅನ್ನುತ್ತಾನೆ. ಅವಳು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಕೊಡುತ್ತಾಳೆ. ಅಷ್ಟೇ. ಸಂಗೀತವೂ ಇರಲಿಲ್ಲ.

ಜಾಹೀರಾತು ಬಂದ ಮೇಲೂ ದೊಡ್ಡವ್ವ ಟಿವಿ ಕಡೆಯೇ ನೋಡುತ್ತಿದ್ದಳು. ಆಮೇಲೆ, "ನನ್ನ ಮನಿಗೆ ಹಿಂಗ ಯಾರೂ ಬರಲಿಲ್ಲ. ಬಂದು ಇಷ್ಟು ಅಂದಿದ್ರೂ ಸಾಕಿತ್ತು" ಅಂದಳು.

ನಾನು ಅವಳ ಪಕ್ಕಕ್ಕೆ ಸರಿದು ಕೂತೆ. ಅವತ್ತು ಅವಳು ಅಷ್ಟು ವರ್ಷಗಳಲ್ಲಿ ಮೊದಲ ಸಲ ಮಗಳ ಹೆಸರು ಹಿಡಿದು ಮಾತಾಡಿದಳು. ಆಕೆಗೆ ಪುಂಡಿಪಲ್ಯ ಅಂದರೆ ಜೀವ ಅಂತ, ಹಾಡಿದರೆ ರಾಗ ಎಲ್ಲೋ ತಾಳ ಎಲ್ಲೋ ಅಂತ, ಅಪ್ಪನ ಹಾಗೆ ಬಿರಬಿರನೆ ನಡೆಯುತ್ತಿದ್ದಳು ಅಂತ. ಆಮೇಲೆ ಆ ಮಾತು ನಿಲ್ಲಲಿಲ್ಲ. ರೊಟ್ಟಿ ಬಡಿಯುತ್ತ ಹೇಳುವಳು, ಕಾಳು ಹಸನು ಮಾಡುತ್ತ ಹೇಳುವಳು. ಪಕ್ಕದ ಮನೆಯ ಆಪಾ ಬಂದರೆ ಅವರಿಗೂ ಹೇಳುವಳು. ಆಪಾ ನಮ್ಮ ಓಣಿಯ ಹಳೇ ಮುಸ್ಲಿಂ ಮನೆತನದವರು, ಕೇಳುವ ತಾಳ್ಮೆ ಇದ್ದವರು. ನಮ್ಮ ಮನೆಯಲ್ಲಿ ಸತ್ತ ಹುಡುಗಿಯೊಬ್ಬಳಿಗೆ ಮತ್ತೆ ಜಾಗ ಸಿಕ್ಕಿತು. ಇದನ್ನು ಒಂದು ಟಿವಿ ಧಾರಾವಾಹಿ ಮಾಡಿತು ಅನ್ನಲು ನನಗೆ ನಾಚಿಕೆಯಿಲ್ಲ.

ನಾಚಿಕೆ ಪಡಬೇಕಾದವರು ಅದನ್ನು ಮುಂದುವರಿಸಿದವರು.

ನಾಲ್ಕನೇ ಸೀಸನ್ನಿಗೆ ಇನ್‌ಸ್ಪೆಕ್ಟರನ ಹೊಟ್ಟೆ ಮಾಯವಾಯಿತು. ಐದಕ್ಕೆ ಅವನಿಗೊಬ್ಬ ಅವಳಿ ತಮ್ಮ ಹುಟ್ಟಿಕೊಂಡ, ಅವನು ಕಳ್ಳಸಾಗಾಣಿಕೆದಾರ. ಸತ್ತು ಸುಟ್ಟುಹೋದ ಹವಾಲ್ದಾರ ಒಂದು ದಿನ ಗಡ್ಡ ಬಿಟ್ಟು ಬಾಗಿಲು ತೆರೆದು ಒಳಗೆ ಬಂದ. ಯಾರಿಗೂ ಅಂಥ ಆಶ್ಚರ್ಯವೇನೂ ಆಗಲಿಲ್ಲ. ಠಾಣೆ ಗಾಜಿನದಾಯಿತು. ಅದರೊಳಗೊಂದು ಲ್ಯಾಬ್, ಲ್ಯಾಬಿನಲ್ಲಿ ಕೂದಲು ಇಳಿಬಿಟ್ಟ ಹುಡುಗಿ. ಅವಳು ಬೀಕರಿನಲ್ಲಿ ನೀಲಿ ನೀರು ಅಲ್ಲಾಡಿಸಿದರೆ ಕೊಲೆಗಾರನ ವಯಸ್ಸು, ಎತ್ತರ, ಅವನಿಗೆ ಬಾಲ್ಯದಲ್ಲಾದ ನೋವು ಎಲ್ಲವೂ ಗೊತ್ತಾಗುತ್ತಿತ್ತು. ಅದು ಮೈಲುತುತ್ತದ ನೀರು. ನಮ್ಮ ಕಾಲೇಜಿನ ಲ್ಯಾಬಿನಲ್ಲೂ ಇದೆ. ಇಷ್ಟು ವರ್ಷದಲ್ಲಿ ಅದು ನನಗೆ ಯಾರ ಬಾಲ್ಯವನ್ನೂ ಹೇಳಿಲ್ಲ.

ನನ್ನ ಗಂಡ ಆಕಳಿಸುವುದನ್ನು ಬಿಟ್ಟ. ಊಟದ ತಾಟು ಹಿಡಿದುಕೊಂಡು ಟಿವಿ ಮುಂದೆಯೇ ಕೂಡತೊಡಗಿದ. "ಈಗ ನೋಡು ಖರೇ ರಂಗ ಬಂದೈತಿ" ಅಂದ. ನಾನು ಎದ್ದುಹೋಗಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ದೊಡ್ಡವ್ವ ಮಾತ್ರ ಕೂತಿರುತ್ತಿದ್ದಳು. ಯಾಕೆ ನೋಡುತ್ತೀ ಅಂತ ಕೇಳಿದರೆ, "ಹಳೇ ಪರಿಚಯ. ಕೆಟ್ಟರೂ ಬಿಡಾಕ ಆಗೂದಿಲ್ಲ" ಅಂದಳು.

ಎಂಟನೇ ಸೀಸನ್ನಿನ ಹೊತ್ತಿಗೆ ಒಂದು ಜಾಹೀರಾತು ಶುರುವಾಯಿತು. ಬೇವಿನ ಗಿಡ, ಅದರ ಕೆಳಗೆ ಬೆನ್ನು ತೋರಿಸಿ ಕೂತ ಹೆಂಗಸು. "ಆ ತಾಯಿ ಮತ್ತೆ ಬರುತ್ತಿದ್ದಾಳೆ." ದೊಡ್ಡವ್ವನಿಗೆ ಗುರುತು ಸಿಕ್ಕಿತು. ಕೇಸು ಮತ್ತೆ ತೆರೆದಿದ್ದಾರೆ, ಈ ಸಲ ಆ ಗಂಡನ ಮನೆಯವರು ಸಿಕ್ಕಿಬೀಳುತ್ತಾರೆ ಅಂತ ಅವಳ ಲೆಕ್ಕ. ಆಪಾನನ್ನು ಕರೆದಳು. ಸಿಂದಗಿಯಲ್ಲಿರುವ ನನ್ನ ಸೋದರಮಾವ, ಅಂದರೆ ಅವಳ ತಮ್ಮ, ಯಾವುದೋ ಕೆಲಸಕ್ಕೆ ಇಂಡಿಗೆ ಬಂದಿದ್ದ. ಅವನನ್ನೂ ನಿಲ್ಲಿಸಿಕೊಂಡಳು. ಕಂತು ಬರುವ ದಿನ ತಲೆಗೆ ಎರೆದುಕೊಂಡು, ಮಡಚಿಟ್ಟಿದ್ದ ಇಳಕಲ್ ಸೀರೆ ಉಟ್ಟು, ಎಲ್ಲರಿಗಿಂತ ಮೊದಲು ಬಂದು ಕೂತಳು. ನನಗೆ ಒಳಗೊಳಗೇ ಅಳುಕು.

ಕಂತಿನ ಅರ್ಧದವರೆಗೆ ಹೇಗೋ ನಡೆಯಿತು. ಆಮೇಲೆ ನೀಲಿ ನೀರಿನ ಹುಡುಗಿ ಬಂದಳು, ಬೀಕರ್ ಅಲ್ಲಾಡಿಸಿದಳು. ಮಗಳನ್ನು ಸುಟ್ಟವಳು ಆ ತಾಯಿಯೇ ಅಂತ ತೀರ್ಮಾನವಾಯಿತು. ಹೊಲ ಮಗಳ ಹೆಸರಿಗಿತ್ತಂತೆ. ಠಾಣೆಯ ಮುಂದೆ ಅತ್ತದ್ದೆಲ್ಲ ನಾಟಕವಂತೆ. ಆ ತಾಯಿ ಸೆರಗು ಕೊಡವಿ ನಕ್ಕಳು. ಕ್ಯಾಮೆರಾ ಅವಳ ಸುತ್ತ ಮೂರು ಸುತ್ತು ಹಾಕಿತು. ಇನ್‌ಸ್ಪೆಕ್ಟರ್ ಕನ್ನಡಕ ತೆಗೆದು, "ತೊಟ್ಟಿಲು ತೂಗಿದ ಕೈಯೇ ಬೆಂಕಿ ಗೀರಿದೆ" ಅಂದ. ಢಂ ಢಂ ಅಂತ ಸಂಗೀತ.

"ಅಬಬಾ, ಏನ್ ಟ್ವಿಸ್ಟ್ ಕೊಟ್ಟಾರ" ಅಂದ ನನ್ನ ಗಂಡ. ಅವನಿಗೆ ಯಾರು ಪಕ್ಕದಲ್ಲಿ ಕೂತಿದ್ದಾರೆ ಅನ್ನುವ ಖಬರು ಇರಲಿಲ್ಲ.

ಮಾವ ಅಡಿಕೆ ಕತ್ತರಿಸುತ್ತ, "ಹೇಳಾಕ ಬರಂಗಿಲ್ಲ ಬಿಡ್ರಿ. ಹಂತಾ ತಾಯಂದ್ರೂ ಇರ್ತಾರ" ಅಂದ.

ಹೊರಗಿನವರಿಗೆ ಅದು ಸಾದಾ ಮಾತು. ನಮ್ಮ ಬಳಗದಲ್ಲಿ ಅದಕ್ಕೊಂದು ಹಿಂದಿನ ಕಥೆಯಿತ್ತು. ಮಗಳು ಸಾಯುವ ಮುಂಚೆ ಒಂದು ಸಲ ಗಂಡನ ಮನೆ ಬಿಟ್ಟು ಮನಗೂಳಿಗೆ ಬಂದಿದ್ದಳು. ದೊಡ್ಡವ್ವನೇ ಬುದ್ಧಿ ಹೇಳಿ ತಿರುಗಿ ಕಳಿಸಿದ್ದಳು. ಕಳಿಸಿ ಕೊಂದಳು ಅಂತ ಹಿಂದಿನಿಂದ ಆಡಿಕೊಂಡವರು ಇದ್ದರು. ಮಾವನೂ ಅವರಲ್ಲೊಬ್ಬ ಅಂತ ನನಗೆ ಗೊತ್ತಾದದ್ದು ಅವತ್ತು.

ದೊಡ್ಡವ್ವ ರಿಮೋಟ್ ತೆಗೆದುಕೊಂಡು ಟಿವಿ ಆರಿಸಿದಳು. ದನಿ ಏರಿಸಲಿಲ್ಲ.

"ಹೌದಪಾ, ನಾನ ಕಳಿಸಿದೆ. ಬಾಗೇವಾಡಿ ಸ್ಟ್ಯಾಂಡಿನಾಗ ನಾನ ಬಸ್ ಹತ್ತಿಸಿ ಬಂದೆ. ಕಿಟಕಿಯಾಗಿಂದ ಕೈ ಮಾಡಿದ್ಳು, ಅದನ್ನೂ ನೋಡೇನಿ. ಯಾರಿಗೂ ಮುಚ್ಚಿಟ್ಟಿಲ್ಲ. ಕೇಸು ನಡದಾಗ ಬಾ ಅಂದ್ರ ನೀ ಬರಲಿಲ್ಲ, ಸುಗ್ಗಿ ಐತಿ ಅಂದಿ. ಇವತ್ತ ಟಿವಿ ನೋಡಿ ಮಾತಾಡಾಕತ್ತಿ?"

"ನಾ ನಿನಗ ಅಂದಿಲ್ಲಕ್ಕ, ಕಥಿಗೆ ಅಂದೆ" ಅಂದ ಮಾವ.

"ಕಥಿ ಬರದಾವರಿಗೆ ಮಾಡಾಕ ಬ್ಯಾರೆ ಉದ್ಯೋಗ ಇಲ್ಲ. ನಿನಗರ ಐತೆಲ್ಲ, ಹೊಲ ಮನಿ?"

ಆಪಾ ಎದ್ದು ದೊಡ್ಡವ್ವನ ಕೈ ಹಿಡಿದುಕೊಂಡು, "ಬಾರವ್ವ, ನಮ್ಮ ಮನಿಗೆ ಹೋಗೂಣು, ಚಾ ಮಾಡ್ತೇನಿ" ಅಂತ ಕರೆದುಕೊಂಡು ಹೋದರು. ಮಾವ ಊಟಕ್ಕೆ ನಿಲ್ಲಲಿಲ್ಲ. ನಾನೂ ನಿಲ್ಲು ಅನ್ನಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಅದೇ ಟ್ವಿಸ್ಟ್. ಕನ್ನಡ ಪಾಠ ಹೇಳುವವರೊಬ್ಬರು, ಅದು ತಾಯ್ತನದ ಮಿಥ್ಯೆಯನ್ನು ಒಡೆದಿದೆ ಅಂದರು. ಒಡೆಯಲಿ, ಬೇಡವೆನ್ನುವುದಿಲ್ಲ. ಆದರೆ ಒಡೆಯಬೇಕೆಂದು ಕೂತವನು ಮೊದಲು ಅಂಥ ಒಬ್ಬ ತಾಯಿಯನ್ನು ತಾನು ಕಟ್ಟಲಿ. ಬೇರೆಯವನು ಕಟ್ಟಿಟ್ಟದ್ದನ್ನು ಕಲ್ಲು ಹೊಡೆದು ಬೀಳಿಸುವುದಕ್ಕೆ ಪ್ರತಿಭೆ ಯಾಕೆ ಬೇಕು?

ಆ ವರ್ಷ ನಮ್ಮ ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಅತಿಥಿಯಾಗಿ ಆ ಇನ್‌ಸ್ಪೆಕ್ಟರ್ ಪಾತ್ರದ ನಟನನ್ನೇ ಕರೆಸಿದರು. ದೊಡ್ಡವ್ವನಿಗೆ ಹೇಳಬಾರದು ಅಂದುಕೊಂಡಿದ್ದೆ, ಗಂಡ ಹೇಳಿಬಿಟ್ಟ. "ನಾನೂ ಬರ್ತೇನಿ" ಅಂದಳು. ನಟ ವೇದಿಕೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡೇ ಕೂತಿದ್ದ. ತೊಟ್ಟಿಲ ಡೈಲಾಗು ಹೇಳಿದ, ಹುಡುಗರು ಸಿಳ್ಳೆ ಹಾಕಿದರು. ಕಾರ್ಯಕ್ರಮ ಮುಗಿದ ಮೇಲೆ ಪ್ರಾಚಾರ್ಯರ ಕೋಣೆಯಲ್ಲಿ ಅವನಿಗೆ ಉಪಾಹಾರ. ನಾನು ದೊಡ್ಡವ್ವನನ್ನು ಅಲ್ಲಿಗೆ ಕರೆದುಕೊಂಡು ಹೋದೆ.

ಅವನು ಸೆಲ್ಫಿಗೆಂದು ಎದ್ದು ನಿಂತ. ದೊಡ್ಡವ್ವ ಕೈಯಾಡಿಸಿ ಬೇಡ ಅಂದಳು.

"ಕೂಡ್ರಿ, ತಿನ್ರಿ. ಒಂದು ಕೇಳೂದಿತ್ತು. ಮೊದಲ ನೀವು ಆ ಹೆಣ್ಣಮಗಳ ಹೊಸ್ತಿಲದಾಗ ಕುಂತು ಮಾತಾಡಿದ್ರೆಲ್ಲ, ಆ ಕಥಿ ಬರದಾಂವ ಎಲ್ಲಿ ಅದಾನ್ರಿ?"

ನಟನಿಗೆ ತಕ್ಷಣ ನೆನಪಾಗಲಿಲ್ಲ. ಆಮೇಲೆ ಕನ್ನಡಕ ತೆಗೆದ. ಕಣ್ಣ ಕೆಳಗೆ ಬಾತುಕೊಂಡ, ದಣಿದ ಮುಖ. "ಅವ್ರು ಬಿಟ್ಟು ತುಂಬಾ ವರ್ಷ ಆಯ್ತಮ್ಮ. ಕಥೆ ತುಂಬಾ ನಿಧಾನ ಅಂತ ಕಳಿಸಿಬಿಟ್ರು. ಈಗ ಬರೆಯೋ ಹುಡುಗ್ರು ಹಳೇ ಎಪಿಸೋಡ್ ನೋಡೇ ಇಲ್ಲ."

"ನೀವರ ನೋಡಿದ್ರಿ?"

"ನೋಡಿದ್ದೆ. ಬೇಡ ಅಂತ ಒಂದ್ಸಲ ಹೇಳ್ದೆ. ಇಷ್ಟ ಇಲ್ದಿದ್ರೆ ಬೇರೆಯವ್ರನ್ನ ಹಾಕ್ಕೋತೀವಿ ಅಂದ್ರು."

ದೊಡ್ಡವ್ವ ತಲೆಯಾಡಿಸಿದಳು. ಅವನ ತಟ್ಟೆಯ ಉಪ್ಪಿಟ್ಟು ಆರುತ್ತಿತ್ತು. "ನನಗ ಆ ಕಥಿಯಿಂದ ಉಪಕಾರ ಆಗಿತ್ತು. ಅದನ್ನ ಹೇಳಾಕ ಬಂದಿದ್ದೆ. ಬರದಾಂವ ಸಿಕ್ಕರ ತಿಳಸ್ರಿ" ಅಂದು ಹೊರಟಳು. ಅವನು ಬಾಗಿಲವರೆಗೂ ಬಂದ. ಇಷ್ಟು ವರ್ಷ ಅವನನ್ನು ಹೀಯಾಳಿಸಿದ ನನಗೆ ಒಂದು ಗಳಿಗೆ ಕನಿಕರ ಬಂತು. ಆದರೆ ಅವನು ಹೊರಗೆ ನಿಂತಿದ್ದ ಹುಡುಗರನ್ನು ಕಂಡದ್ದೇ ಮತ್ತೆ ಕನ್ನಡಕ ಏರಿಸಿಕೊಂಡ. ಕನಿಕರ ಅಲ್ಲಿಗೆ ಮುಗಿಯಿತು.

ಈಗ ಹನ್ನೊಂದನೇ ಸೀಸನ್ ನಡೆಯುತ್ತಿದೆ. ಅವಳಿ ತಮ್ಮ ಒಳ್ಳೆಯವನಾಗಿದ್ದಾನೆ, ಹವಾಲ್ದಾರ ಎರಡನೇ ಸಲ ಸತ್ತಿದ್ದಾನೆ. ನನ್ನ ಗಂಡ ಒಬ್ಬನೇ ನೋಡುತ್ತಾನೆ. ಧಾರಾವಾಹಿ ಮೊದಲಿನ ಹಾಗೇ ಇದೆಯಾ ಅಂತ ಯಾರಾದರೂ ಕೇಳಿದರೆ, ಅದಕ್ಕಿಂತ ಛಲೋ ಆಗೇತಿ ಅನ್ನುತ್ತಾನೆ. ಅವನ ಲಿಂಬೆಯ ಮೂಟೆಗಳನ್ನು ಅವನು ಇದಕ್ಕಿಂತ ಎಚ್ಚರದಿಂದ ಆರಿಸುತ್ತಾನೆ.

ಮಾವ ಬಹಳ ದಿನ ಈ ಕಡೆ ಬರಲಿಲ್ಲ. ಕಳೆದ ಸುಗ್ಗಿಯಲ್ಲಿ ಹೊಸ ಬಿಳಿಜೋಳದ ಚೀಲ ಹೊತ್ತುಕೊಂಡು ಬಂದು, "ಅಕ್ಕಾ, ಆವಾಗ ನಾ ಬರಬೇಕಾಗಿತ್ತು" ಅಂದ. ದೊಡ್ಡವ್ವ ಕೈಕಾಲು ತೊಳೆದುಕೋ ಅಂದಳು. ಮಾತು ಮತ್ತೆ ಶುರುವಾಗಿದೆ, ಮೊದಲಿನಷ್ಟಿಲ್ಲ.

ಸಂಜೆ ದೊಡ್ಡವ್ವ ಮತ್ತು ಆಪಾ, ಆಪಾನ ಮನೆಯಲ್ಲಿ ಕೂತು ಅಡುಗೆಯ ಕಾರ್ಯಕ್ರಮ ನೋಡುತ್ತಾರೆ. ಮೊನ್ನೆ ನಾನು ಕರೆಯಲು ಹೋದಾಗ ಟಿವಿಯ ಹುಡುಗಿಯೊಬ್ಬಳು ಬದನೆಕಾಯಿ ಎಣ್ಣೆಗಾಯಿಗೆ ಹಾಲಿನ ಕೆನೆ ಸುರಿಯುತ್ತಿದ್ದಳು.

"ನಿಮ್ಮವ್ವ ಕಲಿಸಿಲ್ಲೇನು?" ಅಂತ ದೊಡ್ಡವ್ವ ಟಿವಿಯನ್ನೇ ಕೇಳುತ್ತಿದ್ದಳು. ಆಪಾ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.