ಎಣ್ಣೆ ಮೇಲಿನ ಮುಲಾಮು

ನಾನು ಚಿಕ್ಕವಳಿದ್ದಾಗ ಒಮ್ಮೆ ನನ್ನ ಕೆನ್ನೆಯ ಮೇಲೆ ಬಳೆಯಷ್ಟು ದುಂಡಗೆ ಹುಳುಕಡ್ಡಿ ಎದ್ದಿತ್ತು. ಅಪ್ಪ ತಿಪಟೂರಿನ ಮೆಡಿಕಲ್ ಶಾಪಿನಿಂದ ಮುಲಾಮಿನ ಟ್ಯೂಬು ತಂದರು. ನಮ್ಮದು ತೆಂಗಿನ ಸೀಮೆ ನೋಡಿ, ಏನಾದರೂ ಕೊಬ್ಬರಿ ಎಣ್ಣೆಯೇ ಮೊದಲು. ಅವ್ವ ದಿನಾ ಕೆನ್ನೆಗೆ ಎಣ್ಣೆ ತಿಕ್ಕಿ, ಅದರ ಮೇಲೆ ಮುಲಾಮು ಬಳಿಯುತ್ತಿದ್ದಳು. "ಎಣ್ಣೆ ಇದ್ರೆ ಔಸ್ದಿ ಒಳಕ್ಕೆ ಇಳೀತದೆ ಕಣೇ" ಅನ್ನುತ್ತಿದ್ದಳು. ಎಲ್ಲಿ ಇಳಿಯುತ್ತೆ! ಮುಲಾಮು ಜಾರಿ ಬಟ್ಟೆಗೆ ಮೆತ್ತಿಕೊಳ್ಳುತ್ತಿತ್ತು, ಹುಳುಕಡ್ಡಿ ಕತ್ತಿನವರೆಗೂ ಹಬ್ಬಿತು.

ಅಷ್ಟರಲ್ಲಿ ಅಕ್ಕನನ್ನು ನೋಡಲು ಶೆಟ್ಟಿಕೆರೆಯಿಂದ ಗಂಡಿನ ಕಡೆಯವರು ಬಂದರು. ನನ್ನ ಮುಖ ಕಂಡರೆ ಇಡೀ ಮನೆಗೇ ಅಂಟುರೋಗ ಅಂದುಕೊಂಡಾರು ಎಂದು ಅಪ್ಪ ನನ್ನನ್ನು ಕೊಬ್ಬರಿ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದುಬಿಟ್ಟರು. ಕಾಲು ಚಾಚಲೂ ಜಾಗವಿಲ್ಲದಂತೆ ಒಣಗಾಯಿಯ ರಾಶಿ, ಹೆಂಚಿನ ಕಾವು, ಮೂಗಿಗೆ ನಾರಿನ ದೂಳು. ಬೆವರಿಗೆ ಕೆನ್ನೆ ಉರಿಯಿತು. ಕೆರೆದರೆ ಸದ್ದಾಗುತ್ತೆ, ಕೆರೆಯದಿದ್ದರೆ ಪ್ರಾಣ ಹೋಗುತ್ತೆ. ಕೆಳಗಿಂದ ಉಪ್ಪಿಟ್ಟಿನ ಘಮ ಬೇರೆ! ಅಳು ನುಂಗಿಕೊಂಡು ಕೂತೆ.

ಕೊನೆಗೆ ತಾಳಲಾರದೆ ಪರಪರ ಕೆರೆದುಕೊಂಡೆ. ಮೊಣಕಾಲು ತಾಗಿ ಕಾಯಿಗಳು ಗುಡುಗುಡು ಉರುಳಿದವು.

"ಅದೇನ್ರೀ ಸದ್ದು?" ಎಂದರು ಗಂಡಿನ ಸೋದರತ್ತೆ.

"ಇಲಿ ಕಣ್ರೀ" ಅಂದರು ಅಪ್ಪ.

ಅಪ್ಪನ ಮೇಲೆ ಅಂಥ ಸಿಟ್ಟು ನನಗೆ ಮತ್ತೆಂದೂ ಬಂದಿಲ್ಲ. ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಅಕ್ಕ, "ಇಲಿ ಅಲ್ಲ ಕಣ್ರೀ, ನನ್ ತಂಗಿ" ಎಂದು ಎದ್ದು, ಸೆರಗು ಸಿಕ್ಕಿಸಿಕೊಂಡು ತಾನೇ ಏಣಿ ತಂದು ಹಾಕಿದಳು.

ಆ ಸೋದರತ್ತೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ನನ್ನ ಕೆನ್ನೆ ನೋಡಿ, ಅವ್ವ ಹಚ್ಚುವ ರೀತಿ ಕೇಳಿ ಗದರಿಯೇಬಿಟ್ಟರು. "ಎಣ್ಣೆ ಬಳಿದ್ಮೇಲೆ ಮುಲಾಮು ಚರ್ಮಕ್ಕೆ ಸೇರೋದಾದ್ರೂ ಹೆಂಗಮ್ಮ? ತೊಳ್ದು, ಚೆನ್ನಾಗಿ ಒಣಗಿಸಿ ತೆಳ್ಳಗೆ ಹಚ್ಚಿ. ಸುತ್ತಲೂ ಒಂದಿಷ್ಟು ಹಚ್ಚಿ. ಕಡಿತ ನಿಂತ್ರೂ ತಕ್ಷಣ ಬುಡಬ್ಯಾಡಿ!"

ಹಾಗೇ ಮಾಡಿದ್ದಕ್ಕೆ ತಿಂಗಳೊಳಗೆ ಕೆನ್ನೆ ವಾಸಿಯಾಯಿತು. ಆದರೆ ಸಂಬಂಧ ಕೂಡಲಿಲ್ಲ. ಗಂಡಿನ ಮನೆಯವರು ಬೇಡ ಎಂದು ಹೇಳಿಕಳಿಸಿದರು. ನನ್ನಿಂದಲೇ ಹೀಗಾಯಿತೆಂದು ನಾನು ಅತ್ತರೆ ಅಕ್ಕ, "ಬುಡು ಕಣೇ, ನಿನ್ನ ಬಚ್ಚಿಟ್ಟು ನಾನು ಮದ್ವೆ ಆಗ್ಬೇಕಿತ್ತಾ?" ಅಂದಳು.

ಈ ಅಜ್ಜಿಯ ಕಾಲ ಹಾಗಿತ್ತು ಮಕ್ಕಳೇ. ಈಗ ನಿಮಗೆ ಒಂದು ಗುಳ್ಳೆ ಎದ್ದರೂ ನಿಮ್ಮಮ್ಮ ಮೊಬೈಲಿನಲ್ಲಿ ಫೋಟೋ ತೆಗೆದು ಡಾಕ್ಟರಿಗೆ ಕಳಿಸುತ್ತಾಳೆ. ಚರ್ಮದೊಳಕ್ಕೆ ಇನ್ನೂ ಚೆನ್ನಾಗಿ ಇಳಿಯುವ ಮುಲಾಮುಗಳು ಬಂದಿವೆಯಂತೆ, ಬಹಳ ಸಂತೋಷ. ಆದರೆ ಮೊನ್ನೆ, ಕೈಗೆ ಹುಳುಕಡ್ಡಿ ಆಗಿದೆಯೆಂದು ನಿಮ್ಮ ತರಗತಿಯ ಹುಡುಗಿಯನ್ನು ಯಾರೂ ಮಾತಾಡಿಸುವುದಿಲ್ಲ ಎಂದು ನಗುತ್ತಾ ಹೇಳಿದಿರಲ್ಲ, ಅವತ್ತು ನನಗೆ ಅನ್ನ ಸೇರಲಿಲ್ಲ. ನಾಳೆ ಶಾಲೆಗೆ ಹೋದ ಕೂಡಲೇ ನೀವೇ ಅವಳನ್ನು ಮಾತಾಡಿಸಿ.